ಪೀಬೆರಿ ಅರ್ಧ ಕೇಜಿ

"ಪೀಬೆರಿ ಅರ್ಧ ಕೇಜಿ, ಚಿಕೋರಿ ಇಪ್ಪತ್ತು ಪರ್ಸೆಂಟು." ಕಾಫಿ ಪುಡಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ನಾನು ಹೇಳುತ್ತಾ ಬಂದ ಮಂತ್ರ ಇದು. ಅದಕ್ಕೂ ಮೊದಲು ಅಪ್ಪ ಹೇಳುತ್ತಿದ್ದರು. ಪೀಬೆರಿ ಅಂದರೆ ಏನು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಂತ್ರದ ಅರ್ಥ ಕೇಳಿಕೊಂಡು ಯಾರು ಪೂಜೆಗೆ ಕೂರುತ್ತಾರೆ? ಅದೊಂದು ಕಾಫಿ ತಳಿ, ಅರೇಬಿಕಾ ರೊಬಸ್ಟಾಗಳಿಗಿಂತ ಒಂದು ಮೆಟ್ಟಿಲು ಮೇಲಿನದು ಅಂದುಕೊಂಡಿದ್ದೆ.

ಹೋದ ಜನವರಿಯಲ್ಲಿ ಮೂಡಿಗೆರೆ ಹತ್ತಿರದ ಭಾವನ ತೋಟಕ್ಕೆ ಹೋಗಿದ್ದೆ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿತ್ತು, ರೊಬಸ್ಟಾ ಶುರುವಾಗಿತ್ತು. "ಭಾವ, ಇದರಲ್ಲಿ ಪೀಬೆರಿ ಗಿಡ ಯಾವುದು?" ಎಂದೆ. ಹಣ್ಣು ಕುಯ್ಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಭಾವ ಮಾತ್ರ ನಗಲಿಲ್ಲ. ನೆಂಟರಿಗೆಲ್ಲ ಹೇಳಿ ನಗುವುದಕ್ಕೆ ಉಳಿಸಿಕೊಂಡರು ಅಂತ ಆಮೇಲೆ ಗೊತ್ತಾಯಿತು.

"ಬಾ ಮಾರಾಯ" ಎಂದು ಒಂದು ಕೆಂಪು ಹಣ್ಣು ಹಿಚುಕಿದರು. ಲೋಳೆ ಮೆತ್ತಿದ ಎರಡು ಬೀಜ ಜಾರಿ ಅಂಗೈಗೆ ಬಿದ್ದವು. ಒಳಗೆ ಒಂದಕ್ಕೊಂದು ಮುಖ ಒತ್ತಿಕೊಂಡು ಬೆಳೆಯುವುದರಿಂದ ಎರಡಕ್ಕೂ ಒಂದು ಮಗ್ಗುಲು ಚಪ್ಪಟೆ. ಹೀಗೆ ಹತ್ತಾರು ಹಣ್ಣು ಹಿಚುಕಿದ ಮೇಲೆ ಒಂದರಲ್ಲಿ ಒಂದೇ ಬೀಜ ಸಿಕ್ಕಿತು, ಬಟಾಣಿಯ ಹಾಗೆ ಉರುಟು. ಜೊತೆಗಾರ ಬೆಳೆಯದೆ ಹೋದಾಗ ಉಳಿದ ಬೀಜ ಇಡೀ ಮನೆಯನ್ನು ತನ್ನದೇ ಮಾಡಿಕೊಂಡು ಗುಂಡಗಾಗುತ್ತದೆ. ಅಷ್ಟೇ ಪೀಬೆರಿ! ಅರೇಬಿಕಾ ಗಿಡದಲ್ಲೂ ಸಿಗುತ್ತದೆ, ರೊಬಸ್ಟಾದಲ್ಲೂ ಸಿಗುತ್ತದೆ. ಗುಂಡಗಿರುವುದರಿಂದ ಚೆನ್ನಾಗಿ ಉರುಳಿ ಒಂದೇ ಸಮ ಹುರಿಯುತ್ತದೆ ಅನ್ನುವವರಿದ್ದಾರೆ. ರುಚಿಯೇ ಬೇರೆ ಎಂದು ಆಣೆ ಮಾಡುವವರೂ ಇದ್ದಾರೆ. ನಾನು ಅಲ್ಲಿಯವರೆಗೆ ಆಣೆ ಮಾಡುವವರ ಕಡೆ ಇದ್ದೆ.

ನಿಜವಾದ ಜಾತಿಭೇದ ಇರುವುದು ಅರೇಬಿಕಾ, ರೊಬಸ್ಟಾ ನಡುವೆ. ಅರೇಬಿಕಾ ನಾಜೂಕಿನದು. ಅದಕ್ಕೆ ಸಾವಿರ ಮೀಟರಿನ ಆಸುಪಾಸಿನ ಎತ್ತರ ಬೇಕು, ತಂಪು ಬೇಕು, ಮರದ ನೆರಳು ಬೇಕು. ಇಷ್ಟೆಲ್ಲ ಕೊಟ್ಟರೂ ಎಲೆಗೆ ತುಕ್ಕು ರೋಗ, ಕಾಂಡಕ್ಕೆ ಬಿಳಿ ಕಾಂಡಕೊರಕ. ಆದರೆ ಆ ತಂಪಿನಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಘಮ ಕೂಡಿಕೊಳ್ಳುತ್ತದೆ. ರೊಬಸ್ಟಾ ತಗ್ಗಿನ ಸೆಕೆಗೂ ಅಂಜುವುದಿಲ್ಲ. ಅದರಲ್ಲಿ ಸಕ್ಕರೆ ಅಂಶ ಕಮ್ಮಿ, ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಆ ಕೆಫೀನಿನ ಕಹಿ ನಮಗಾಗಿ ಅಲ್ಲ, ಕೀಟಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಏರ್ಪಾಟು. ನಾವು ಅದಕ್ಕೆ ಸಕ್ಕರೆ ಹಾಕಿಕೊಂಡು ಕುಡಿಯುತ್ತೇವೆ.

ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟ ಕತೆ ಗೊತ್ತಲ್ಲ? ಆ ಏಳೂ ಅರೇಬಿಕಾ. ಹಾಗಂತ ಕುಲ ಈಗಲೂ ಶುದ್ಧವಾಗೇನೂ ಉಳಿದಿಲ್ಲ. ತುಕ್ಕು ರೋಗ ತಡೆಯಲೆಂದು ಬಾಳೆಹೊನ್ನೂರಿನಲ್ಲಿ ಬೆಳೆಸಿದ ಎಸ್ 795 ತಳಿಯ ವಂಶದಲ್ಲಿ ಲೈಬೀರಿಕಾ ಎಂಬ ಇನ್ನೊಂದು ಜಾತಿಯ ಕಾಫಿಯ ಸಂಬಂಧ ಇದೆ. ನಮ್ಮ ತೋಟಗಳಲ್ಲಿ ಅರೇಬಿಕಾ ಎಂದು ಬೆಳೆಯುವುದರಲ್ಲಿ ಅದರ ಪಾಲು ದೊಡ್ಡದು.

ತೋಟದವರು ಇದೆಲ್ಲ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವರು ಕೇಳುವ ಪ್ರಶ್ನೆ ಒಂದೇ: "ಪಾರ್ಚ್‌ಮೆಂಟಾ, ಚೆರಿಯಾ?" ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹುಳಿಬರಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಕಣದಲ್ಲಿ ಹರಡಿ ಒಣಗಿಸಿದರೆ ಚೆರಿ. ಒಂದೇ ಗಿಡದ ಹಣ್ಣು, ಆದರೂ ತೊಳೆದದ್ದರಲ್ಲಿ ಹುಳಿ ಚುರುಕು, ಸಿಪ್ಪೆಯಲ್ಲಿ ಒಣಗಿದ್ದರಲ್ಲಿ ರುಚಿ ಮಂದ, ಗಟ್ಟಿ.

ಇನ್ನೂ ಮಜಾ ಇರುವುದು ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯ ಕತೆ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಯೂರೋಪಿಗೆ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಹಳದಿಯಾಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿಯವರಿಗೆ ಅದೇ ರೂಢಿಯಾಯಿತು. ಹಡಗು ಬೇಗ ಹೋಗುವಂತಾದ ಮೇಲೆ ತಾಜಾ ಬೀಜ ಕಂಡು "ಇದು ಆ ಕಾಫಿ ಅಲ್ಲ" ಎಂದರು! ಅದಕ್ಕೇ ಈಗ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜ ಹರಡಿ, ಮಳೆಗಾಳಿ ಕುಡಿಸಿ, ಬೇಕಂತಲೇ ಹಾಗೆ ಮಾಡುತ್ತಾರೆ. ಅದಕ್ಕೆ ಜಿಐ, ಅಂದರೆ ಇದು ಈ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಇಷ್ಟು ಜ್ಞಾನ ತುಂಬಿಕೊಂಡು ಊರಿಗೆ ಬಂದವನು ಸುಮ್ನೆ ಇರುತ್ತೇನಾ? ಅಂಗಡಿಗೆ ಹೋಗಿ ಕೇಳಿಯೇ ಬಿಟ್ಟೆ. "ನೀವು ಕೊಡೋ ಪೀಬೆರಿ ಅರೇಬಿಕಾನಾ, ರೊಬಸ್ಟಾನಾ?"

ಅಂಗಡಿಯವರು ಮಿಶಿನ್ ನಿಲ್ಲಿಸಿದರು. "ನಿಮ್ಮನೇದು ಅರ್ಧ ಅರ್ಧ. ಮೊದಲಿಂದಾನೂ ಹಂಗೇ."

"ಯಾರು ಹೇಳಿದ್ದು?"

"ನಿಮ್ಮ ತಂದೆಯೋರೇ. ಬರೀ ಅರೇಬಿಕಾ ಹಾಲಿಗೆ ನಿಲ್ಲಲ್ಲ, ರೊಬಸ್ಟಾ ಬೇಕು ಅಂತಿದ್ರು. ಎಲ್ಲಾ ಥರ ಹಾಕಿಸ್ಕೊಂಡು ಹೋಗಿ, ನಾಲ್ಕಾರು ತಿಂಗಳು ಕುಡಿದು ನೋಡಿ, ಆಮೇಲೆ ಗಟ್ಟಿ ಮಾಡಿದ್ದು." ಕೈ ಒರೆಸಿಕೊಂಡು ಕೇಳಿದರು, "ಯಾಕೆ ಸಾರ್, ಬದಲಾಯಿಸ್ಲಾ?"

ನನ್ನ ಹಿಂದೆ ಮೂರು ಜನ ಕಾಯುತ್ತಿದ್ದರು. "ಪೀಬೆರಿ ಅರ್ಧ ಕೇಜಿ," ಎಂದೆ, "ಚಿಕೋರಿ ಇಪ್ಪತ್ತು."