ನಿಂತು ಓದಿ, ಓದು ನಿಲ್ಲಲಿ

ನಮ್ಮ ಮೇಷ್ಟ್ರಿಗೆ ನನ್ನ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ಇತ್ತೆಂದು ಈಗ ಅರ್ಥವಾಗುತ್ತಿದೆ. ಹೋಂವರ್ಕ್ ಮಾಡಿಲ್ಲವೇ? ನಿಂತ್ಕೋ. ಮಗ್ಗಿ ತಪ್ಪಿತೇ? ನಿಂತ್ಕೋ. ಪಕ್ಕದವನು ನಕ್ಕನೇ? ಇಬ್ಬರೂ ನಿಂತ್ಕೊಳ್ಳಿ. ತಪ್ಪು ತೀರಾ ದೊಡ್ಡದಾದರೆ ಬೆಂಚಿನ ಮೇಲೆ. ಅದನ್ನು ಶಿಕ್ಷೆ ಎಂದುಕೊಂಡು ಅವರಿಗೆ ಹಿಡಿಶಾಪ ಹಾಕಿದ ಪಾಪಿ ನಾನು. ಇಂದು ಅದಕ್ಕೇ ಸ್ಟ್ಯಾಂಡಿಂಗ್ ಡೆಸ್ಕ್ ಎಂದು ಹೆಸರಿಟ್ಟು, ಮೇಲೆ ಕೆಳಗೆ ಹೋಗಲು ಮೋಟಾರು ಕಟ್ಟಿ ಮಾರುತ್ತಿದ್ದಾರೆ. ನಿಂತು ಓದಿದರೆ ಬೆನ್ನು ನೆಟ್ಟಗಾಗುತ್ತದಂತೆ, ಬೊಜ್ಜು ಕರಗುತ್ತದಂತೆ, ಏಕಾಗ್ರತೆ ಹೆಚ್ಚುತ್ತದಂತೆ. ಮೇಷ್ಟ್ರು ಇಷ್ಟನ್ನೂ ಪುಕ್ಕಟೆ ಕೊಡುತ್ತಿದ್ದರು, ಕಿವಿಯ ವ್ಯಾಯಾಮ ಬೇರೆ.

ಮಗಳಿಗೆಂದು ನಾನೂ ಅಂಥದ್ದೊಂದು ಮೇಜು ಕೊಂಡು ತಂದೆ. "ಪಾಠ ತಲೆಯಲ್ಲಿ ನಿಲ್ಲಬೇಕು ಅಂದ್ರೆ ಮೊದಲು ಮಗು ನಿಲ್ಲಬೇಕು ಸಾರ್" ಎಂದ ಮಾರಾಟಗಾರನ ವ್ಯಾಕರಣಕ್ಕೆ ಮರುಳಾದವನು ನಾನು. ಗುಂಡಿ ಒತ್ತಿದೆ. ಮೇಜು ಗುಂಯ್‌ಗುಡುತ್ತಾ ಮೇಲೆದ್ದಿತು. ಮಗಳು ಸಮಾಜ ವಿಜ್ಞಾನದ ಪುಸ್ತಕ ತೆರೆದು ಸೈನಿಕಳಂತೆ ನಿಂತಳು.

ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಭಾರವೆಲ್ಲ ಎಡಗಾಲಿಗೆ ಹೋಯಿತು. ಎಡಗಾಲು ಬೇಡವೆಂದಾಗ ಬಲಗಾಲಿಗೆ. ಬಲಗಾಲೂ ಕೈಕೊಟ್ಟಾಗ ಮೊಣಕೈ ಮೇಜಿಗೆ, ಗಲ್ಲ ಅಂಗೈಗೆ. ಅರ್ಧ ಗಂಟೆಯ ಹೊತ್ತಿಗೆ ಸೊಂಟದಿಂದ ಮೇಲೆ ಅವಳು ಮಲಗಿದ್ದಳು, ಸೊಂಟದಿಂದ ಕೆಳಗೆ ಮಾತ್ರ ಓದುತ್ತಿದ್ದಳು. ಮರುದಿನ ಅಂಗಡಿಯವನಿಗೆ ಫೋನ್ ಮಾಡಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ನಿಲ್ಲುವ ಮೇಜಿಗೆಂದೇ ಒರಗಿ ಕೂರುವ ಎತ್ತರದ ಸ್ಟೂಲು ಬರುತ್ತದಂತೆ, ಹಿಮ್ಮಡಿ ನೋಯದಂತೆ ಮೆತ್ತನೆಯ ಚಾಪೆಯೂ ಇದೆಯಂತೆ. ಕುರ್ಚಿಯಿಂದ ಎಬ್ಬಿಸಲು ಒಮ್ಮೆ ದುಡ್ಡು ತೆಗೆದುಕೊಂಡವನು ಮತ್ತೆ ಕೂರಿಸಲು ಇನ್ನೊಮ್ಮೆ ಕೇಳಿದ. ಇದಲ್ಲವೇ ಜಾಣತನ!

ಬೊಜ್ಜಿನ ಲೆಕ್ಕವನ್ನೂ ನೋಡಿಬಿಡೋಣ. 46 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಕೂತಿರುವುದಕ್ಕಿಂತ ನಿಂತರೆ ನಿಮಿಷಕ್ಕೆ ಸುಮಾರು 0.15 ಕಿಲೋಕ್ಯಾಲರಿ ಹೆಚ್ಚು ಖರ್ಚಾಗುತ್ತದೆ. ದಿನಕ್ಕೆ 6 ಗಂಟೆ ಒಂಟಿಕೊಕ್ಕರೆಯಂತೆ ನಿಂತರೂ 54. ಒಂದು ಬಾಳೆಹಣ್ಣು ತಿಂದರೆ ದಿನದ ತಪಸ್ಸು ಮುಗಿಯಿತು, ಮೇಲೆ ಸ್ವಲ್ಪ ಸಾಲವೂ ಉಳಿಯಿತು. ಏಕಾಗ್ರತೆಯ ಕಥೆಯೂ ಹೀಗೇ. ನಿಂತವರ ಗಮನ ಚುರುಕಾಗಿರುತ್ತದೆಂದು 2017ರಲ್ಲಿ ಒಂದು ಪ್ರಯೋಗ ಹೇಳಿತು, ಬೇರೆಯವರು ಮತ್ತೆ ಮಾಡಿ ನೋಡಿದರೆ ಆ ಚುರುಕು ಸಿಗಲಿಲ್ಲ. ಇನ್ನು ರಕ್ತ. ಅಲ್ಲಾಡದೆ ನಿಂತರೆ ಅದು ಕಾಲಿನಲ್ಲೇ ಶೇಖರವಾಗುತ್ತದೆ, ಮೇಲಕ್ಕೆ ತಳ್ಳಲು ಮೀನಖಂಡ ಕೆಲಸ ಮಾಡಬೇಕು. ಕವಾಯತಿನಲ್ಲಿ ಗಟ್ಟಿಮುಟ್ಟಾದ ಸೈನಿಕರೇ ನಿಂತಲ್ಲೇ ಧೊಪ್ಪೆಂದು ಬೀಳುವುದು ಅದಕ್ಕೇ.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ಸುಗಳ ಡ್ರೈವರು, ಕಂಡಕ್ಟರುಗಳನ್ನು ಹೋಲಿಸಿ, ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದ್ದರು. ಪಾಪ, ಆ ಕಂಡಕ್ಟರುಗಳು ದಿನವಿಡೀ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಓಡಾಟವನ್ನು ಡಬ್ಬದಲ್ಲಿ ತುಂಬಿ ಮಾರುವುದು ಕಷ್ಟ, ಮೇಜನ್ನು ಮಾರುವುದು ಸುಲಭ.

ನಿಲ್ಲುವುದರ ತತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಡೊನಾಲ್ಡ್ ರಮ್ಸ್‌ಫೆಲ್ಡ್. 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಸೆರೆಮನೆ ಗ್ವಾಂಟನಾಮೋದ ಕೈದಿಗಳ ವಿಚಾರಣೆಯ ವಿಧಾನಗಳ ಕಡತ ಅವರ ಮುಂದೆ ಬಂತು. ಕೈದಿಯನ್ನು ಗರಿಷ್ಠ 4 ಗಂಟೆ ನಿಲ್ಲಿಸುವುದೂ ಅವುಗಳಲ್ಲಿ ಒಂದು. ಸಾಹೇಬರು ಸಹಿ ಹಾಕಿ, ಕೆಳಗೆ ಕೈಯಾರೆ ಬರೆದರು: ನಾನು ದಿನಕ್ಕೆ 8ರಿಂದ 10 ಗಂಟೆ ನಿಂತಿರುತ್ತೇನೆ, ಇದಕ್ಕೇಕೆ 4 ಗಂಟೆಯ ಮಿತಿ? ಅವರ ಕಚೇರಿಯಲ್ಲಿದ್ದುದು ನಿಂತು ಕೆಲಸ ಮಾಡುವ ಮೇಜು. ಕಾಲು ನೋವೆಂದು ಕೂತರೆ ಎಬ್ಬಿಸಲು ಬಂದೂಕಿನವನೊಬ್ಬ ಹಿಂದೆ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಅಂಗಡಿಗಳ ಮಾರಾಟಗಾರ್ತಿಯರಿಗಾದರೋ ಈ ಭಾಗ್ಯದ ಬೆಲೆಯೇ ತಿಳಿಯಲಿಲ್ಲ. ಸಂಬಳ ಕೊಟ್ಟು ನಿಲ್ಲಿಸಿದರೂ ಕುರ್ಚಿ ಬೇಕೆಂದರು. ಮೂವರು ಮಾರಾಟಗಾರ್ತಿಯರಿಗೆ ಒಂದಾದರೂ ಆಸನ ಇರಬೇಕೆಂದು ಬ್ರಿಟನ್ 1899ರಲ್ಲೇ ಕಾಯ್ದೆ ಮಾಡಬೇಕಾಯಿತು. ಕೇರಳದ ಹೆಂಗಸರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕು ಪಡೆದರು. ಕಾಲಿನ ನರ ಉಬ್ಬಿದವರಿಗೆ ಆರೋಗ್ಯದ ಅರಿವು ಕಡಿಮೆ, ಏನು ಮಾಡುವುದು.

ನಿನ್ನೆ ಸಂಜೆ ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು ನೆಲದ ಮೇಲೆ ಕಾಲು ಚಾಚಿದಳು.

"ಇವತ್ತು ಕ್ಲಾಸಲ್ಲಿ ನಿಲ್ಲಿಸಿದ್ರು ಅಪ್ಪ."

"ಯಾಕೆ?"

"ನಿದ್ದೆ ಬಂದುಬಿಡ್ತು. ರಾತ್ರಿಯೆಲ್ಲ ನಿಂತು ಓದಿದ್ನಲ್ಲ."

"ಎಷ್ಟು ಹೊತ್ತು ನಿಲ್ಲಿಸಿದ್ರು?"

"ಒಂದು ಪೀರಿಯಡ್ಡು."

ನಲವತ್ತು ನಿಮಿಷ. ಮನಸ್ಸಿನಲ್ಲೇ ಗುಣಿಸಿದೆ. 6 ಕಿಲೋಕ್ಯಾಲರಿ.