ಕತ್ತು ತಿರುಗಿಸಿದವರಿಗೇ ಲೈಸೆನ್ಸು

ಡ್ರೈವಿಂಗ್ ಟೆಸ್ಟಿನ ತಯಾರಿ ಶುರುವಾಗುವುದು ಕತ್ತಿನಿಂದ. ಕನ್ನಡಿ ನೋಡಲು ಕಣ್ಣು ಸಾಕಲ್ವಾ ಎಂದು ಕೇಳಬೇಡಿ. ನಿಮ್ಮ ಕಣ್ಣುಗುಡ್ಡೆ ಎತ್ತ ಹೊರಳಿತು ಅನ್ನುವುದು ಪಕ್ಕದ ಸೀಟಿನಲ್ಲಿ ಕೂತ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ. ಅವರಿಗೆ ಗೊತ್ತಾಗದ್ದು ನಡೆದೇ ಇಲ್ಲ. ಹಾಗಾಗಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹೇಳಿಕೊಡುವ ಮೊದಲ ವಿದ್ಯೆ ಇದು. ಒಳಗಿನ ಕನ್ನಡಿಗೆ ಗದ್ದ ಎತ್ತಿ. ಹೊರಗಿನ ಕನ್ನಡಿಗೆ ಮೂಗು ತಿರುಗಿಸಿ. ಹೊರಡುವ ಮುಂಚೆ ಭುಜದ ಮೇಲಿಂದ ಹಿಂದಕ್ಕೆ ನೋಡಿ, ಸ್ವಲ್ಪ ನಿಧಾನಕ್ಕೆ, ಪರೀಕ್ಷಕರು ಬರೆದುಕೊಳ್ಳುವಷ್ಟು ಹೊತ್ತು. ಹಿಂದೆ ಲಾರಿ ಬರುತ್ತಿತ್ತಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಹಾಗೆ ನೋಡುವುದಕ್ಕೆ ಒಳ್ಳೆಯ ಕಾರಣವೇ ಇದೆ. ಯಾವ ಕನ್ನಡಿಗೂ ಸಿಗದ ಜಾಗವೊಂದು ಪ್ರತಿ ಕಾರಿನ ಪಕ್ಕದಲ್ಲೂ ಇರುತ್ತದೆ. ಬೈಕಿನವನು ಸರಿಯಾಗಿ ಅಲ್ಲೇ ಬರುತ್ತಿರುತ್ತಾನೆ. ಆದರೆ ಇದನ್ನೆಲ್ಲ ಕೂತು ವಿವರಿಸಲು ಯಾರಿಗೆ ಪುರುಸೊತ್ತು? "ತಿರುಗಿ ನೋಡದಿದ್ರೆ ಮಾರ್ಕ್ಸ್ ಹೋಗುತ್ತೆ" ಅಂದರೆ ಪಾಠ ಮುಗಿಯಿತು. ಟೆಸ್ಟ್ ಆದ ಮರುದಿನದಿಂದ ಮಾರ್ಕ್ಸೂ ಇಲ್ಲ, ಕತ್ತೂ ತಿರುಗುವುದಿಲ್ಲ. ಬೈಕಿನವನು ಮಾತ್ರ ಇದ್ದಲ್ಲೇ ಇರುತ್ತಾನೆ.

ಪಾರ್ಕಿಂಗ್ ಪಾಠ ಇನ್ನೂ ಸೊಗಸು. ಗಾಡಿ ಎಷ್ಟು ಉದ್ದ, ಹಿಂದಿನ ಚಕ್ರ ಎಲ್ಲಿದೆ, ಸ್ಟೇರಿಂಗ್ ತಿರುಗಿಸಿದರೆ ಮೂತಿ ಎತ್ತ ಹೋಗುತ್ತದೆ ಅಂತೆಲ್ಲ ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ. ಹಿಂದಿನ ಗಾಜಿನ ಮೂಲೆಯಲ್ಲಿ ಮೊದಲನೇ ಕಂಬ ಕಂಡ ತಕ್ಷಣ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ. ಬಾಗಿಲ ಹಿಡಿ ಎರಡನೇ ಕಂಬದ ನೇರಕ್ಕೆ ಬಂದಾಗ ಒಂದೂವರೆ ಸುತ್ತು ವಾಪಸ್. ಬ್ರೇಕ್. ಹ್ಯಾಂಡ್‌ಬ್ರೇಕ್. ಉಸಿರು. ಗಾಜಿನ ಮೇಲೆ ಆ ಮೂಲೆ ಮರೆತುಹೋಗದಿರಲಿ ಎಂದು ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿದ್ದನ್ನೂ ನೋಡಿದ್ದೇನೆ.

ಕಲಿಯಲು ಬಂದ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ಸಾರ್, ರೋಡಲ್ಲಿ ಕಂಬ ಇರಲ್ವಲ್ಲಾ?"

"ರೋಡಲ್ಲಿ ಟೆಸ್ಟೂ ಇರಲ್ಲಮ್ಮ."

ಮೇಷ್ಟ್ರನ್ನು ಬೈಯುವ ಹಾಗಿಲ್ಲ. ಜನ ಅವರ ಹತ್ತಿರ ಬರುವುದು ಪಾಸಾಗಲು. ಎಷ್ಟು ಜನರನ್ನು ಪಾಸು ಮಾಡಿಸಿದರು ಅನ್ನುವುದರ ಮೇಲೇ ಅವರ ಹೆಸರು ನಿಂತಿದೆ. ಪಾಸಾದವರು ಆಮೇಲೆ ಎಲ್ಲಿ ಗುದ್ದಿದರು ಎಂಬ ಲೆಕ್ಕ ಯಾವ ಸ್ಕೂಲಿನ ಬೋರ್ಡಿನ ಮೇಲೂ ಇಲ್ಲ. ಹಾಗಾಗಿ ಅವರು ಟೆಸ್ಟಿನ ದಾರಿಯಲ್ಲೇ ಮತ್ತೆ ಮತ್ತೆ ಓಡಾಡಿಸುತ್ತಾರೆ. ಎಲ್ಲಿ ಹಂಪ್ ಇದೆ, ಯಾವ ಮರದ ಹಿಂದೆ ವೇಗದ ಮಿತಿಯ ಬೋರ್ಡು ಅಡಗಿದೆ, ಯಾವ ತಿರುವಿನಲ್ಲಿ ಪರೀಕ್ಷಕರು "ಇಲ್ಲಿ ನಿಲ್ಲಿಸಿ" ಅನ್ನುತ್ತಾರೆ, ಎಲ್ಲ ಬಾಯಿಪಾಠ. ಆ ಒಂದು ದಾರಿಯಲ್ಲಿ ಇವರಷ್ಟು ಚೆನ್ನಾಗಿ ಗಾಡಿ ಓಡಿಸುವವರು ಜಗತ್ತಿನಲ್ಲೇ ಇಲ್ಲ. ಮುಂದಿನ ಸರ್ಕಲ್ಲಿನಿಂದ ಆಚೆಗೆ ಮಾತ್ರ ಕೇಳಬೇಡಿ.

ಟೆಸ್ಟಿನ ದಿನದ ವಿನಯವನ್ನಂತೂ ನೋಡಬೇಕು. ಇನ್ಸ್‌ಪೆಕ್ಟರ್ ಬರುವ ದಿನದ ಶಾಲೆಯ ಹಾಗೆ ಎಲ್ಲವೂ ನೆಟ್ಟಗೆ. ಸೀಟು ಸರಿ ಮಾಡುತ್ತಾರೆ, ಸರಿಯಾಗೇ ಇದ್ದ ಕನ್ನಡಿಯನ್ನು ಮುಟ್ಟಿ ಮತ್ತೆ ಅಲ್ಲೇ ಬಿಡುತ್ತಾರೆ, ಬೆಲ್ಟನ್ನು ಟಕ್ ಎಂದು ಸದ್ದು ಬರುವ ಹಾಗೆ ಹಾಕುತ್ತಾರೆ. ಎರಡೂ ಕೈ ಸ್ಟೇರಿಂಗಿನ ಮೇಲೆ. ರಸ್ತೆ ದಾಟುವ ಮುದುಕರಿಗೆ ನಿಲ್ಲುತ್ತಾರೆ. ದಾಟುವ ಯೋಚನೆಯೇ ಇಲ್ಲದೆ ಸುಮ್ನೆ ನಿಂತಿರುವವರಿಗೂ ನಿಲ್ಲುತ್ತಾರೆ. ಅಲ್ಲೇ ಎಡವಟ್ಟಾಗುವುದು. ಅತಿ ವೇಗ ತಪ್ಪು ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ವಿನಾಕಾರಣ ತಡೆಯುವುದೂ ತಪ್ಪೇ. ಹೋಗಬೇಕಾದಾಗ ಹೋಗದಿದ್ದರೂ ಫೇಲು. ಅಂದರೆ ಹೆದರಬೇಕು, ಹೆದರಿದ್ದು ಕಾಣಬಾರದು. ನೋಡಬೇಕು, ನೋಡಿದ್ದು ಕಾಣಬೇಕು. ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ನೆನಪಿಟ್ಟುಕೊಳ್ಳುವಷ್ಟರಲ್ಲಿ ಇಂಜಿನ್ ಆಫ್ ಆಗಿರುತ್ತದೆ.

ತಪ್ಪಿನ ಲೆಕ್ಕದಲ್ಲಿ ಬ್ರಿಟನ್ನಿನವರದ್ದು ದೊಡ್ಡ ಮನಸ್ಸು. ಅಲ್ಲಿ 15 ಸಣ್ಣ ತಪ್ಪು ಮಾಡಿದವರು ಪಾಸು, 16 ಮಾಡಿದವರು ಫೇಲು. ದೊಡ್ಡ ತಪ್ಪಾದರೆ ಒಂದೇ ಸಾಕು, ಅದು ನ್ಯಾಯವೇ. ಆದರೆ ಹದಿನೈದನೇ ತಪ್ಪಿನವರೆಗೂ ಸುರಕ್ಷಿತ ಚಾಲಕನಾಗಿದ್ದವನು ಹದಿನಾರನೆಯದಕ್ಕೆ ದಿಢೀರನೆ ಅಪಾಯಕಾರಿಯಾಗುವುದು ಹೇಗೆ ಅನ್ನುವುದನ್ನು ಯಾರಾದರೂ ತಿಳಿದವರು ಹೇಳಬೇಕು. ಇನ್ನೊಂದು ವಿಷಯ. ಅಲ್ಲಿನ ಟೆಸ್ಟಿನಲ್ಲಿ ದಾರಿ ತಪ್ಪಿದರೆ ಮಾರ್ಕ್ಸ್ ಹೋಗುವುದಿಲ್ಲ, ನಿಯಮ ಮೀರದೆ ತಪ್ಪಿದರೆ ಸಾಕು. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲದಿದ್ದರೂ ಇಂಡಿಕೇಟರ್ ಹಾಕಿದ್ದೀರಲ್ಲ, ಅಷ್ಟು ಸಾಕು.

ಈ ಟೆಸ್ಟ್ ಅನ್ನುವುದು ಕಾರಿನ ಜೊತೆಗೇ ಹುಟ್ಟಿದ್ದಲ್ಲ. ಕಾರು ಮಾಡಿದ ಕಾರ್ಲ್ ಬೆಂಜ್ ಅವರಿಗೆ ಅದನ್ನು ಬೀದಿಯಲ್ಲಿ ಓಡಿಸಲು 1888ರಲ್ಲಿ ಸರ್ಕಾರದ ಲಿಖಿತ ಅನುಮತಿ ಬೇಕಾಯಿತು. ಗಾಡಿಯ ಸದ್ದು, ವಾಸನೆ ತಡೆಯಲಾಗದೆ ಜನ ಗಲಾಟೆ ಮಾಡುತ್ತಿದ್ದರು. ಅವರಿಗೆ ಓಡಿಸಲು ಬರುತ್ತದಾ ಎಂದು ಪರೀಕ್ಷೆ ಮಾಡೋಣ ಅಂದರೂ ಮಾಡುವವರು ಯಾರು? ಬೆಂಜ್‌ಗಿಂತ ಚೆನ್ನಾಗಿ ಕಾರು ಗೊತ್ತಿದ್ದವರು ಬೇಕಲ್ಲ. ಬ್ರಿಟನ್ನು 1903ರ ಕಾನೂನಿನಲ್ಲಿ ಲೈಸೆನ್ಸ್ ತಂದಿತು, ಟೆಸ್ಟ್ ತರಲಿಲ್ಲ. ದುಡ್ಡು ಕಟ್ಟು, ಕಾಗದ ತಗೋ. ಟೆಸ್ಟ್ ಕಡ್ಡಾಯವಾಗಿದ್ದು 1935ರ ಜೂನ್ 1ರಿಂದ. ಅದೂ 1934ರ ಏಪ್ರಿಲ್ 1ಕ್ಕಿಂತ ಮೊದಲೇ ಓಡಿಸುತ್ತಿದ್ದವರಿಗೆ ಬೇಡ. ಹಳೇ ಚಾಳಿ ಇದ್ದವರನ್ನು ಈಗ ಯಾಕೆ ಕೆಣಕುವುದು ಅಂದುಕೊಂಡಿರಬೇಕು.

ನನಗೆ ತುಂಬಾ ಇಷ್ಟವಾಗುವುದು 1956ರ ಕಥೆ. ಸೂಯೆಜ್ ಕಾಲುವೆಯ ಗಲಾಟೆಯಲ್ಲಿ ಬ್ರಿಟನ್ನಿಗೆ ಪೆಟ್ರೋಲ್ ಕೊರತೆಯಾಯಿತು. ರೇಷನ್ ಬಂತು. ರೇಷನ್ ನೋಡಿಕೊಳ್ಳಲು ಜನ ಬೇಕಲ್ಲ, ಡ್ರೈವಿಂಗ್ ಪರೀಕ್ಷಕರನ್ನೇ ಆ ಕೆಲಸಕ್ಕೆ ಹಾಕಿದರು. ಟೆಸ್ಟುಗಳು ನಿಂತವು. ಹಾಗಾದರೆ ಕಲಿಯುವವರ ಗತಿ? ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬರೇ ಓಡಿಸಿಕೊಳ್ಳಿ ಎಂದು ಬಿಟ್ಟರು! ಜೊತೆಗೆ ಒಬ್ಬರು ಕೂರದೆ ಕಲಿಯುವವರು ರಸ್ತೆಗಿಳಿದರೆ ಪ್ರಳಯವಾಗುತ್ತದೆ ಅನ್ನುವ ನಿಯಮ, ಪರೀಕ್ಷಕರು ಬೇರೆ ಕೆಲಸದಲ್ಲಿದ್ದಷ್ಟು ದಿನ ರಜೆಯಲ್ಲಿತ್ತು. 1957ರಲ್ಲಿ ಅವರು ವಾಪಸ್ ಬಂದರು, ಕಲಿಯುವವರು ಮತ್ತೆ ಅಪಾಯಕಾರಿಯಾದರು.

ದಕ್ಷಿಣ ಕೊರಿಯಾದವರು ಅಳತೆಯಲ್ಲೇ ಆಟ ಆಡಿದರು. ಮೈದಾನದಲ್ಲಿ ನಡೆಯುವ ಪರೀಕ್ಷೆಯನ್ನು 2011ರಲ್ಲಿ 50 ಮೀಟರಿಗೆ ಇಳಿಸಿದರು. ಗೇರ್ ಹಾಕಿ ಎರಡು ಮಾತಾಡುವಷ್ಟರಲ್ಲಿ ಮುಗಿಯಿತು. ತೀರಾ ಸಲೀಸಾಯಿತು ಎಂದು ದೂರು ಬಂದ ಮೇಲೆ 2016ರ ಕೊನೆಗೆ 300 ಮೀಟರಿಗೆ ಏರಿಸಿ, ರಿವರ್ಸ್ ಪಾರ್ಕಿಂಗನ್ನು ಮತ್ತೆ ಸೇರಿಸಿದರು. ನಡುವಿನ ವರ್ಷಗಳಲ್ಲಿ ಪಾಸಾದವರು ಪಾಸಾದವರೇ.

ಬ್ರಿಟನ್ನಿನ ಟೆಸ್ಟಿನಿಂದ 2017ರ ಡಿಸೆಂಬರಿನಲ್ಲಿ ಮೂಲೆ ಸುತ್ತಿ ರಿವರ್ಸ್ ಹೋಗುವುದನ್ನು ತೆಗೆದು, ದಾರಿ ತೋರಿಸುವ ಯಂತ್ರ ಹೇಳಿದ ಹಾಗೆ ಓಡಿಸುವುದನ್ನು ಸೇರಿಸಿದರು. ಒಳ್ಳೆಯದೇ. ನಿಜವಾದ ರಸ್ತೆಯಲ್ಲಿ ನಡೆಯುವುದು ಅದೇ ತಾನೆ. ಇದೇ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಬಹುದಿತ್ತು. ಹಿಂದಿನ ಸೀಟಿನಲ್ಲಿ ಜಗಳವಾಡುವ ಇಬ್ಬರು ಮಕ್ಕಳು. ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಒತ್ತುವ ಒಬ್ಬ. ಮೊಬೈಲಿಗೆ ಆಫೀಸಿನಿಂದ ಮೂರು ಸಲ ಫೋನು. "ಆ ಕಡೆ ಹೋಗಿದ್ರೆ ಇಷ್ಟೊತ್ತಿಗೆ ಮುಟ್ತಿದ್ವಿ" ಎನ್ನುವ ಯಜಮಾನರು ಪಕ್ಕದಲ್ಲಿ. ಈ ನಾಲ್ಕರ ನಡುವೆ ಗಾಡಿ ನಿಲ್ಲಿಸಿ ತೋರಿಸಿದರೆ ಕಂಬಗಳ ಅಗತ್ಯವೇ ಬೀಳುವುದಿಲ್ಲ.

ಅದು ಕಷ್ಟ ಅನ್ನುವುದಾದರೆ ನನ್ನ ಹತ್ತಿರ ಇನ್ನೊಂದು ಉಪಾಯ ಇದೆ. ಪಕ್ಕದಲ್ಲಿ ಪರೀಕ್ಷಕರು ಕೂತಿರುವಷ್ಟು ಹೊತ್ತು ಎಂಥವರೂ ಚೆನ್ನಾಗಿಯೇ ಓಡಿಸುತ್ತಾರೆ. ಅವರು ಇಳಿದು ಹೋದ ಮೇಲೇ ತೊಂದರೆ. ಅದಕ್ಕೆ ಪಾಸಾದವರಿಗೆ ಲೈಸೆನ್ಸಿನ ಬದಲು ಪರೀಕ್ಷಕರನ್ನೇ ಕೊಟ್ಟು ಕಳಿಸಬೇಕು. ಅವರು ಮಾತಾಡುವುದೇನೂ ಬೇಡ, ಆಗಾಗ ಪ್ಯಾಡಿನ ಮೇಲೆ ಏನಾದರೂ ಗೀಚಿದರೆ ಸಾಕು. ಇಷ್ಟೊಂದು ಜನರಿಗೆ ಪರೀಕ್ಷಕರನ್ನು ಎಲ್ಲಿಂದ ತರುವುದು ಎಂದರೆ ರಟ್ಟಿನಲ್ಲಿ ಮಾಡಿಸಿ ಬೆಲ್ಟ್ ಹಾಕಿ ಕೂರಿಸಬಹುದು. ಮುಖ ಸ್ವಲ್ಪ ಗಂಟಿಕ್ಕಿರಬೇಕು. ಮತ್ತೆ ಮುಖ್ಯವಾಗಿ, ಪ್ರತಿ ಐದು ವರ್ಷಕ್ಕೊಮ್ಮೆ ಹೊಸಬರನ್ನು ಕೊಡಬೇಕು. ಹಳಬರಾದರೆ ಸಲುಗೆ ಬಂದು, ಅವರ ಎದುರೇ ಸಿಗ್ನಲ್ ಹಾರಿಸಲು ಶುರು ಮಾಡುತ್ತೇವೆ.