ಕುರಿ ಪಾಸಾಯಿತು, ಪ್ರಶ್ನೆಪತ್ರಿಕೆ ಬದಲಿಸಿ

ಹಂದಿಗೂ ಭಾವನೆಗಳಿವೆಯಂತೆ. ನೀವೂ ಓದಿರುತ್ತೀರಿ, ಈ ಸುದ್ದಿ ಆಗಾಗ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ತಲೆಬರಹಕ್ಕೊಂದು ಆಶ್ಚರ್ಯಸೂಚಕ ಚಿಹ್ನೆ, ಪಕ್ಕದಲ್ಲಿ ಗುಲಾಬಿ ಬಣ್ಣದ ಮರಿಯ ಚಿತ್ರ. ಓದಿದವರು ‘ಅಯ್ಯೋ ಪಾಪ’ ಎಂದು ಮುಂದಿನ ಸುದ್ದಿಗೆ ಹೋಗುತ್ತಾರೆ, ಹಂದಿ ಹೋಗಬೇಕಾದಲ್ಲಿಗೆ ಹೋಗುತ್ತದೆ.

ಸಂಶೋಧಕರ ಶ್ರಮವನ್ನು ಹಗುರವಾಗಿ ನೋಡುವಂತಿಲ್ಲ. 2022ರಲ್ಲಿ ಒಂದು ತಂಡ 411 ಹಂದಿಗಳ 7,414 ಕೂಗುಗಳನ್ನು, ಹುಟ್ಟಿದಾಗಿನಿಂದ ಕಸಾಯಿಖಾನೆಯವರೆಗಿನದನ್ನು, ಕಂಪ್ಯೂಟರಿಗೆ ಊಡಿಸಿತು. ಹಿತವಾಗಿದ್ದಾಗ ಕೂಗು ಗಿಡ್ಡ, ಏರಿಳಿತ ಕಡಿಮೆ, ಸಂಕಟದಲ್ಲಿ ಉದ್ದ. ಯಾವುದು ಯಾವುದೆಂದು ಯಂತ್ರ ನೂರಕ್ಕೆ 92 ಸಲ ಸರಿಯಾಗಿ ಹೇಳಿತು. ಕಸಾಯಿಖಾನೆಯಲ್ಲಿ ಕಿರುಚುವ ಹಂದಿ ಖುಷಿಯಾಗಿಲ್ಲ ಎಂಬುದು ಅಂತೂ ಖಚಿತವಾಯಿತು. ಇಷ್ಟು ದಿನ ಅನುಮಾನವಿತ್ತು ನೋಡಿ.

ನಾಯಿಗೆ ಈ ತಾಪತ್ರಯವಿಲ್ಲ. ಅದು ಪರೀಕ್ಷೆಗೆ ಕೂರದೆಯೇ ರ‍್ಯಾಂಕ್ ಬಂದ ವಿದ್ಯಾರ್ಥಿ. ಸೋಫಾ ಹರಿದು, ಕಿವಿ ಮಡಚಿ, ತಲೆ ತಗ್ಗಿಸಿ ಕೂತರೆ ಸಾಕು, ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ಮನೆಮಂದಿಯೆಲ್ಲ ಕರಗುತ್ತಾರೆ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳನ್ನು ಇಟ್ಟುಕೊಂಡು ಇದನ್ನು ತಾಳೆ ನೋಡಿದರು. ಯಜಮಾನರು ‘ಮುಟ್ಟಬೇಡ’ ಎಂದು ತಿಂಡಿ ತೋರಿಸಿ ಹೊರಗೆ ಹೋಗುವುದು. ಅವರಿಲ್ಲದಾಗ ಒಮ್ಮೆ ನಾಯಿಗೆ ತಿಂಡಿ ಸಿಗುವುದು, ಒಮ್ಮೆ ಅದನ್ನು ಎತ್ತಿಡುವುದು. ಯಜಮಾನರಿಗೆ ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳುವುದು. ಆ ಅಪರಾಧಿ ಮುಖ ಬಂದದ್ದು ತಿಂದಿದ್ದಕ್ಕಲ್ಲ, ಬೈದಿದ್ದಕ್ಕೆ. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತು. ಹತ್ತು ವರ್ಷದ ನಂತರ ಇನ್ನೊಂದು ಸಂಗತಿ ಹೊರಬಿತ್ತು: ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹೆಸರಿಗಷ್ಟೆ. ನಮ್ಮ ಕರುಳು ಚುರಕ್ಕೆನ್ನುವುದು ಆ ಸ್ನಾಯುವಿನ ಕೃಪೆ. ಕೋಳಿಗೆ ಹುಬ್ಬೇ ಇಲ್ಲ, ಅದರ ಹಣೆಬರಹ ಅಲ್ಲಿಗೇ ಮುಗಿಯಿತು.

ಅದೇ ಕೋಳಿಯ ಮರಿಗಳ ಮೇಲೆ ಗಾಳಿ ಊದಿ ನೋಡಿದ್ದಾರೆ, 2011ರಲ್ಲಿ. ತಾಯಿಯ ಎದೆಬಡಿತ ಏರಿತು, ಕಣ್ಣಿನ ಸುತ್ತಲ ಬಿಸಿ ಇಳಿಯಿತು, ಪುಕ್ಕ ತೀಡುವುದನ್ನು ಬಿಟ್ಟು ಮರಿಗಳನ್ನು ಕರೆಯತೊಡಗಿತು. ಮೊಟ್ಟೆ ಕಾರ್ಖಾನೆಯ ಕೋಳಿಗೆ ಈ ಪ್ರಶ್ನೆ ಬರುವುದೇ ಇಲ್ಲ, ಅದು ತನ್ನ ಮರಿಯನ್ನು ನೋಡುವುದಿಲ್ಲವಲ್ಲ. ಮರಿ ಯಂತ್ರದಲ್ಲಿ ಒಡೆಯುತ್ತದೆ, ಗಂಡಾದರೆ ಹೆಚ್ಚಿನ ಕಡೆ ಅದೇ ದಿನ ಅದರ ಕತೆ ಮುಗಿಯುತ್ತದೆ.

ಕುರಿಯಂತೂ ಡಿಸ್ಟಿಂಕ್ಷನ್. ಐವತ್ತು ಕುರಿಗಳ ಮುಖವನ್ನು ಎರಡು ವರ್ಷ ಮರೆಯದು ಎಂದು 2001ರಲ್ಲೇ ಗೊತ್ತಾಗಿತ್ತು. 2017ರಲ್ಲಿ ಫೋಟೋ ನೋಡಿ ಬರಾಕ್ ಒಬಾಮರನ್ನು ಗುರುತು ಹಿಡಿಯಿತು. ತೆರೆಯಲಾಗದ ಡಬ್ಬಿ ಕೊಟ್ಟಾಗ ಮನುಷ್ಯರ ಮುಖ ನೋಡಿ ನೆರವು ಬೇಡುವುದು ನಾಯಿಯ ಹೆಚ್ಚುಗಾರಿಕೆ ಎನ್ನುತ್ತಿದ್ದರು. 2016ರಲ್ಲಿ ಆಡುಗಳೂ ಹಾಗೇ ತಿರುಗಿ ನೋಡಿದವು. ತಕ್ಷಣ ಆ ಪ್ರಶ್ನೆಯ ಅಂಕ ಕಡಿಮೆಯಾಯಿತು.

ಮೌಲ್ಯಮಾಪಕರಾದ ನಮ್ಮ ಬಗ್ಗೆಯೂ ಒಂದು ಪ್ರಯೋಗವಿದೆ. 2010ರಲ್ಲಿ ಕೆಲವರಿಗೆ ಒಣಗಿಸಿದ ದನದ ಮಾಂಸ, ಕೆಲವರಿಗೆ ಗೋಡಂಬಿ ಕೊಟ್ಟು, ಆಮೇಲೆ ದನದ ಬಗ್ಗೆ ಕೇಳಿದರು. ಮಾಂಸ ತಿಂದವರಿಗೆ ದನದ ಬಗ್ಗೆ ನಾವು ತಲೆಕೆಡಿಸಿಕೊಳ್ಳಬೇಕಾದದ್ದು ಅಷ್ಟೇನಿಲ್ಲ ಅನ್ನಿಸಿತು. ಉತ್ತರ ಬಾಯಲ್ಲೇ ಇತ್ತು.

ಪ್ರಾಣಿಯ ಮನಸ್ಸನ್ನು ನೆಟ್ಟಗೆ ಕೇಳುವ ದಾರಿಯೂ ಇದೆ. ಕರುವಿಗೆ ಪರದೆಯ ಮೇಲೆ ಎರಡು ಬಣ್ಣ ತೋರಿಸುತ್ತಾರೆ. ಒಂದರ ಬಳಿ ಹೋದರೆ ಹಾಲು. ಇನ್ನೊಂದರ ಬಳಿ ಹೋದರೆ ಹಾಲೂ ಇಲ್ಲ, ಮೇಲಿಂದ ಸ್ವಲ್ಪ ಹೊತ್ತು ಕಾಯುವ ಶಿಕ್ಷೆ. ಎರಡನ್ನೂ ತಪ್ಪಿಲ್ಲದೆ ಕಲಿತ ಮೇಲೆ ನಡುವಿನ ಬಣ್ಣ. ಧೈರ್ಯವಾಗಿ ಹೋದರೆ ಮನಸ್ಸು ಸರಿಯಿದೆ, ಹಿಂಜರಿದರೆ ಕುಗ್ಗಿದೆ. ನಡುವಿನ ಬಣ್ಣವನ್ನು ಪದೇ ಪದೇ ತೋರಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ಹಾಲಿಲ್ಲ ಎಂದು ಕರು ಕಲಿತುಬಿಡುತ್ತದೆ, ಆಗ ಅಳೆದದ್ದು ನಿರಾಶೆಯನ್ನಲ್ಲ, ನೆನಪನ್ನು. ಹೊಟ್ಟೆ ತುಂಬಿದ ಕರು ಯಾವುದಕ್ಕೂ ಏಳುವುದಿಲ್ಲ. ಹಾಗಾಗಿ ಹಾಲಿನ ಬಣ್ಣಕ್ಕೆ ಮೊದಲಿನಂತೆಯೇ ಹೋಗುತ್ತಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಹೀಗೆಲ್ಲ ಎಚ್ಚರ ವಹಿಸಿ 2013ರಲ್ಲಿ ನೋಡಿದಾಗ, ಕೊಂಬು ಬೆಳೆಯದಂತೆ ಅದರ ಮೊಳಕೆ ಸುಡಿಸಿಕೊಂಡ ಕರುಗಳು ಹಿಂಜರಿದವು. ಮರುವರ್ಷ, ತಾಯಿಯಿಂದ ಬೇರ್ಪಡಿಸಿದ ಕರುಗಳೂ ಅಷ್ಟೆ.

ಇಷ್ಟಾದ ಮೇಲೆ ತಮಾಷೆ ಮಾಡಲು ಮನಸ್ಸಾಗುವುದಿಲ್ಲ. ನಾಯಿಯ ಹಲ್ಲಿನ ಕಿಟ್ಟ ತೆಗೆಯಲು ಪೂರ್ತಿ ಅರಿವಳಿಕೆ ಕೊಡುತ್ತೇವೆ, ಕೊಡಲೇಬೇಕು. ಕರುವಿನ ಮೊಳಕೆಗೊಂಬಿಗೆ ಸುಮಾರು 600 ಡಿಗ್ರಿ ಕಾದ ಕಬ್ಬಿಣ ಒತ್ತುವಾಗ ನಾಲ್ಕು ಜನ ಅದುಮಿ ಹಿಡಿದರೆ ಆಯಿತು. ಬೇರೆ ದಾರಿ ಇಲ್ಲವೇ? ಪಶುವೈದ್ಯರಿಗೆಲ್ಲ ಗೊತ್ತಿರುವ ದಾರಿ ಅದು. ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ, ಹಣೆ ಎಲುಬಿನ ಏಣಿನ ಕೆಳಗೆ ಕೊಂಬಿನ ನರ ಹಾಯುತ್ತದೆ. ಅಲ್ಲಿಗೆ ಒಂದೊಂದು ಬದಿಗೆ 5 ಮಿಲಿಯಷ್ಟು ಶೇ. 2ರ ಲಿಡೋಕೇಯ್ನ್, ಅಂದರೆ ಆ ಜಾಗವನ್ನು ಮರಗಟ್ಟಿಸುವ ಮದ್ದು. ಹತ್ತು ನಿಮಿಷ ಕಾಯಬೇಕು, ಸೂಜಿಯಿಂದ ಚುಚ್ಚಿ ಮರಗಟ್ಟಿದೆಯೇ ನೋಡಬೇಕು. ಎಡವುವುದು ಸಾಮಾನ್ಯವಾಗಿ ಇಲ್ಲೇ: ಚುಚ್ಚಿದ ಕೈಯಲ್ಲೇ ಕಬ್ಬಿಣ ಎತ್ತುತ್ತಾರೆ. ಇನ್ನೊಂದು, ಲಿಡೋಕೇಯ್ನ್ ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ, ಗಾಯ ವಾರಗಟ್ಟಲೆ ಇರುತ್ತದೆ, ಕೆ.ಜಿ.ಗೆ 0.5 ಮಿ.ಗ್ರಾಂ ಲೆಕ್ಕದಲ್ಲಿ ಮೆಲೋಕ್ಸಿಕಾಮ್ ಎಂಬ ನೋವು ನಿವಾರಕ ಕೊಡದಿದ್ದರೆ ರಾತ್ರಿಯ ನೋವು ಹಾಗೇ ಉಳಿಯಿತು.

ಕೇಳಿದರೆ, ಎರಡು ನಿಮಿಷ ಒದ್ದಾಡಿ ಸುಮ್ಮನಾಗುತ್ತದೆ ಬಿಡಿ ಎನ್ನುತ್ತಾರೆ. ಸುಮ್ಮನಾಗುವುದಿಲ್ಲ. ತಲೆ ಒದರುತ್ತದೆ, ಕಿವಿ ಬಡಿಯುತ್ತದೆ, ತಲೆಯನ್ನು ಗೋಡೆಗೆ ಉಜ್ಜುತ್ತದೆ, ಗಂಟೆಗಟ್ಟಲೆ. ನಿಂತು ಎಣಿಸಿ. ಅದಕ್ಕೂ ಪುರುಸೊತ್ತಿಲ್ಲವೆಂದರೆ ಆ ಕಬ್ಬಿಣವನ್ನು ಕೆಳಗಿಡಿ.